ಕವುಚಿಟ್ಟ ಗಂಗಾಳ

ಕಾರ್ತಿಕದ ಒಂದು ಬೆಳಿಗ್ಗೆ ಪಕ್ಕದ ತೋಟದವನು ಬಂದು ನನ್ನನ್ನು ಗದ್ದೆಗೆ ಕರೆದುಕೊಂಡು ಹೋದ. ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ದಾರಿ ಬಿಟ್ಟು, ಕಾಫಿ ತೋಟದ ಇಳಿಜಾರು ಇಳಿದರೆ ಎರಡು ಗುಡ್ಡಗಳ ಸಂದಿಯಲ್ಲಿ ಅವನ ಮೂರು ಮಡಿ ಗದ್ದೆ. ಹಾಲುಗಟ್ಟಿದ ತೆನೆ ಅರ್ಧಕ್ಕರ್ಧ ಕೆಸರಿನಲ್ಲಿ ಮಲಗಿತ್ತು. ಹಂದಿಗಳು ಅಂಚನ್ನು ಮೂತಿಯಿಂದ ಸೀಳಿದ್ದರಿಂದ ಮೇಲಿನ ಮಡಿಯ ನೀರೆಲ್ಲ ಕೆಳಗೆ ಹರಿದುಹೋಗಿತ್ತು. ಗದ್ದೆಯ ಸುತ್ತ ಕಟ್ಟಿದ್ದ ಹಳೆಯ ಸೀರೆಗಳು ಮಂಜಿನಲ್ಲಿ ನೆನೆದು ಜೋತು ಬಿದ್ದಿದ್ದವು. ಕೋಲಿಗೆ ನೇತುಹಾಕಿದ ಬಿಯರ್ ಬಾಟಲಿ ಗಾಳಿ ಬಂದಾಗ ಟಿಣ್ ಎನ್ನುತ್ತಿತ್ತು. ಕ್ಷೌರದಂಗಡಿಯಿಂದ ಚೀಲದಲ್ಲಿ ತಂದು ಅಂಚಿನುದ್ದಕ್ಕೂ ಉದುರಿಸಿದ್ದ ಕೂದಲಿನ ಮೇಲೆಯೇ ಗೊರಸಿನ ಗುರುತು ಮೂಡಿತ್ತು.

"ರಾತ್ರಿ ಎಂಟೊಂಬತ್ತು ಬಂದಿರ್ಬೇಕು ಮಾರಾಯ್ರೆ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಕೋವಿ ತಗೊಳ್ಳೋಣ ಅಂತ ಉಂಟು. ಲೈಸೆನ್ಸು, ಪರ್ಮಿಷನ್ನು ಎಲ್ಲ ಮಾಡಿಸಿಯೇ. ಯಾವುದು ತಗೊಂಡ್ರೆ ಒಂದೇ ಈಡಿಗೆ ಹೋಗ್ತದೆ? ನರಳಬಾರದು" ಎಂದು ಕೇಳಿದ.

ಹಂದಿಯ ಬಗ್ಗೆ ನಮ್ಮೂರಲ್ಲಿ ಕೇಳುವ ಪ್ರಶ್ನೆಗಳು ನನಗೆ ಗೊತ್ತು. ಬೇಲಿಗೆ ಎಷ್ಟಾಯಿತು, ಅರಣ್ಯ ಇಲಾಖೆಯ ಪರಿಹಾರ ಬಂತಾ, ಯಾರ ತೋಟದಲ್ಲಿ ಹೊಡೆದರಂತೆ, ಎಷ್ಟು ಕೆ.ಜಿ. ತೂಗಿತಂತೆ. ಈ ಪ್ರಶ್ನೆ ಮಾತ್ರ ಹೊಸದು. ಬೆಳೆ ಕಳೆದುಕೊಂಡು ನಿಂತವನ ಬಾಯಲ್ಲಿ 'ನರಳಬಾರದು' ಎಂಬ ಮಾತು ಬಂದಿತ್ತು. ಕೊಲ್ಲುವುದರ ಬಗ್ಗೆ ಅವನಿಗೆ ಅನುಮಾನವಿರಲಿಲ್ಲ, ಕೊಲ್ಲುವ ಬಗೆಯ ಬಗ್ಗೆ ಇತ್ತು. ನನಗೆ ಆಗ ಉತ್ತರ ಹೊಳೆಯಲಿಲ್ಲ. "ಯೋಚಿಸಿ ಹೇಳ್ತೇನೆ" ಎಂದು ಬಂದೆ. ಯೋಚಿಸಿದ್ದು ಇಷ್ಟು.

ಈ ಗುಡ್ಡಗಳಲ್ಲಿ ಈಗ ಹೆಚ್ಚಿನ ಹಂದಿಗಳು ಕೋವಿಗೆ ಸಾಯುವುದಿಲ್ಲ. ಸ್ಕೂಟರಿನ ಕ್ಲಚ್ ವೈರನ್ನು ಕುಣಿಕೆ ಮಾಡಿ ಹಂದಿಯ ದಾರಿಗೆ ಕಟ್ಟಿದ ಉರುಳಿಗೆ ಸಾಯುತ್ತವೆ. ತಿನಿಸಿನೊಳಗೆ ಅಡಗಿಸಿಟ್ಟ ಸಿಡಿಮದ್ದಿನ ಉಂಡೆ ಕಚ್ಚಿ ಸಾಯುತ್ತವೆ. ಕಂಬದಿಂದ ನೇರವಾಗಿ ಎಳೆದ ಕರೆಂಟಿನ ತಂತಿಗೆ, ಕೀಟನಾಶಕ ಬೆರೆಸಿದ ಆಹಾರಕ್ಕೆ ಸಾಯುತ್ತವೆ. ಉರುಳಿಗೆ ಸಿಕ್ಕ ಹಂದಿ ಎಳೆದಷ್ಟೂ ತಂತಿ ಬಿಗಿಯುತ್ತದೆ. ಸೊಂಟಕ್ಕೆ ಬಿದ್ದರೆ ಬೆಳಗಿನವರೆಗೂ, ಕೆಲವೊಮ್ಮೆ ಮರುದಿನದವರೆಗೂ ಅದು ಬದುಕಿರುತ್ತದೆ. ಸಿಡಿಮದ್ದು ಕೂಡಲೇ ಕೊಲ್ಲುವುದು ಅಪರೂಪ, ದವಡೆ ಹಾರಿಸುತ್ತದೆ. ದವಡೆಯಿಲ್ಲದ ಹಂದಿ ಹಸಿವಿನಿಂದ ಸಾಯಲು ಎಷ್ಟು ದಿನ ಬೇಕೋ ಅಷ್ಟು ದಿನ ಕಾಡಿನಲ್ಲಿ ಅಲೆಯುತ್ತದೆ.

ಈ ಉರುಳು, ಉಂಡೆಗಳಿಗೆ ಆಯ್ಕೆ ಎಂಬುದೂ ಇಲ್ಲ. ನಮ್ಮ ಮನೆಯ ನಾಯಿಯೊಂದು ಒಂದು ಮಳೆಗಾಲದ ಕೊನೆಯಲ್ಲಿ ಬಾಯೆಲ್ಲ ರಕ್ತ ಮಾಡಿಕೊಂಡು ಕಾಫಿ ಕಣದ ತನಕ ತೆವಳಿಕೊಂಡು ಬಂತು. ಯಾರೋ ಹಂದಿಗೆಂದು ಇಟ್ಟ ಉಂಡೆಯನ್ನು ಅದು ಕಚ್ಚಿತ್ತು. ಇಟ್ಟವನಿಗೆ ನಮ್ಮ ನಾಯಿಯ ಮೇಲೆ ಯಾವ ದ್ವೇಷವೂ ಇರಲಿಕ್ಕಿಲ್ಲ. ಹಾಗೆಯೇ ಹಂದಿಗೆ ಕಟ್ಟಿದ ಉರುಳಿಗೆ ಚಿರತೆ ಬಿದ್ದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 2020ರ ಮೇ 27ರಂದು ಕೇರಳದ ಪಾಲಕ್ಕಾಡ್ ಜಿಲ್ಲೆಯ ವೆಳ್ಳಿಯಾರ್ ಹೊಳೆಯಲ್ಲಿ ಬಸುರಿ ಆನೆಯೊಂದು ಸೊಂಡಿಲನ್ನು ನೀರಿನಲ್ಲಿ ಅದ್ದಿಕೊಂಡು ನಿಂತೇ ಪ್ರಾಣ ಬಿಟ್ಟಿದ್ದನ್ನು ದೇಶವೆಲ್ಲ ನೋಡಿತು. ಅದು ಕಚ್ಚಿದ ಸಿಡಿಮದ್ದನ್ನು ಇಟ್ಟಿದ್ದು ಕಾಡುಹಂದಿಗೆಂದು ಆಮೇಲೆ ತಿಳಿಯಿತು. ಆ ಚಿತ್ರ ನೋಡಿ ಮರುಗಿದವರಲ್ಲಿ ನಮ್ಮೂರಿನವರೂ ಇದ್ದರು. ಅವರಲ್ಲಿ ಕೆಲವರ ತೋಟದ ಬೇಲಿಯಲ್ಲಿ ಆ ಹೊತ್ತಿಗೂ ಉರುಳು ಇತ್ತು.

ಉರುಳು, ಉಂಡೆ, ತಂತಿ, ವಿಷ ಎಲ್ಲಕ್ಕೂ ಸಮಾನವಾದದ್ದು ಒಂದಿದೆ. ಹಂದಿ ಸಾಯುವಾಗ ಕೊಂದವನು ಅಲ್ಲಿರುವುದಿಲ್ಲ. ಅವನು ಮನೆಯಲ್ಲಿ ಕಂಬಳಿ ಹೊದ್ದು ಮಲಗಿರುತ್ತಾನೆ. ಬೆಳಿಗ್ಗೆ ಹೋಗಿ ನೋಡಿದಾಗ ಸಾವು ಮುಗಿದಿರುತ್ತದೆ, ಅಥವಾ ಬರಿಯ ರಕ್ತದ ಗುರುತಿರುತ್ತದೆ. ಕೂಗನ್ನು ಅವನು ಕೇಳಿಲ್ಲ, ಕಣ್ಣನ್ನು ಕಂಡಿಲ್ಲ. ಹೀಗೆ ನೋಡದೆ ಕೊಲ್ಲುವ ಅನುಕೂಲವೇ ಇವುಗಳನ್ನು ಅಷ್ಟು ಅಗ್ಗವಾಗಿಯೂ ಅಷ್ಟು ಕ್ರೂರವಾಗಿಯೂ ಮಾಡಿದೆ.

ನಮ್ಮ ಅಜ್ಜನ ಹತ್ತಿರ ಕೇಪಿನ ಕೋವಿ ಇತ್ತು. ನಳಿಗೆಗೆ ಮದ್ದು ಸುರಿದು, ತೆಂಗಿನ ಕತ್ತ ತುರುಕಿ, ಗಜ ಹಾಕಿ ಜಡಿದು, ಮೇಲೆ ಗುಂಡು ಇಳಿಸಿ, ಕೊನೆಗೆ ಕೇಪು ಕೂರಿಸಬೇಕು. ಒಂದು ಈಡು ಹೋಯಿತೆಂದರೆ ಇನ್ನೊಂದಕ್ಕೆ ಮತ್ತೆ ಇಷ್ಟೂ ಆಗಬೇಕು. ಅಷ್ಟರಲ್ಲಿ ಹಂದಿ ಗುಡ್ಡ ಹತ್ತಿರುತ್ತದೆ, ಇಲ್ಲವೇ ಹೊಡೆದವನ ಮೈಮೇಲೆ ಬಂದಿರುತ್ತದೆ.

ಅಜ್ಜಿ ಹೇಳುತ್ತಿದ್ದ ಒಂದು ಸಂಗತಿ ಇದೆ. 1972ರ ವನ್ಯಜೀವಿ ಕಾಯಿದೆ ಇನ್ನೂ ಬಂದಿರದ ಕಾಲ. ಒಂದು ಸಂಜೆ ಅಜ್ಜ ಗದ್ದೆಯ ಮಾಳದಿಂದ ಒಂಟಿಗ ಹಂದಿಯೊಂದಕ್ಕೆ ಈಡು ಹೊಡೆದರು. ಬಿತ್ತು ಅಂದುಕೊಳ್ಳುವಷ್ಟರಲ್ಲಿ ಎದ್ದು ಹಳುವಿನೊಳಗೆ ನುಗ್ಗಿತು. ದರಗಿನ ಮೇಲೆ ರಕ್ತ ಬಿದ್ದಿತ್ತು. ಲಾಟೀನು ಒಯ್ಯಲು ಮನೆಗೆ ಬಂದ ಅಜ್ಜನಿಗೆ ಅಜ್ಜಿ ಊಟಕ್ಕೆ ಹಾಕಿದ್ದರು. ಅಜ್ಜ ಅನ್ನವನ್ನು ಪಾತ್ರೆಗೆ ವಾಪಸು ಹಾಕಿಸಿ, ತಮ್ಮ ಗಂಗಾಳವನ್ನು ಕವುಚಿಟ್ಟು, ಒಬ್ಬ ಆಳನ್ನೂ ನಾಯಿಯನ್ನೂ ಕರೆದುಕೊಂಡು ಹೊರಟರು. ಬಂದದ್ದು ಮರುದಿನ ಹೊತ್ತು ಮುಳುಗುವಾಗ. ಹಂದಿ ಹಳ್ಳದ ಬದಿಯಲ್ಲಿ ಸಿಕ್ಕಿತಂತೆ, ಮುಂಗಾಲು ಮುರಿದು ನಿಂತೇ ಇತ್ತಂತೆ. ಅಲ್ಲಿ ಮುಗಿಸಿ ಬಂದು ಸ್ನಾನ ಮಾಡಿದ ಮೇಲೆಯೇ ಗಂಗಾಳ ಎತ್ತಿದ್ದು. ಊರಿಗೆಲ್ಲ ಪಾಲು ಹೋಯಿತು. ತಮ್ಮ ಪಾಲನ್ನು ಅಜ್ಜ ಮುಟ್ಟಲಿಲ್ಲ.

"ಗಾಯ ಮಾಡಿದವ ಉಣ್ಣಬಾರದು" ಎನ್ನುವುದು ಅವರ ಕಟ್ಟು. ಎಲ್ಲಿಂದ ಬಂದ ಕಟ್ಟೋ ತಿಳಿಯದು. ಎಲ್ಲರೂ ಪಾಲಿಸುತ್ತಿದ್ದರು ಎಂದೂ ನಾನು ಹೇಳಲಾರೆ. ಆದರೆ ಅದರ ಲೆಕ್ಕ ಸರಳ. ನೀನು ಶುರು ಮಾಡಿದ ನೋವು ಮುಗಿಯುವ ತನಕ ನಿನ್ನ ಹೊಟ್ಟೆಯಲ್ಲೂ ಒಂದಿಷ್ಟು ಉರಿ ಇರಲಿ.

ಅಜ್ಜನ ನಂತರ ಮನೆಗೆ ಜೋಡುನಳಿಗೆ ತೋಟಾಕೋವಿ ಬಂತು. ಚಿಕ್ಕಪ್ಪ ಅದರಲ್ಲಿ ಹೊಡೆಯುತ್ತಿದ್ದರು. ಎರಡು ಈಡು ಕೈಯಲ್ಲಿದ್ದುದರಿಂದ ಮೊದಲನೆಯದನ್ನು ಅವಸರದಲ್ಲಿ ಹಾರಿಸುತ್ತಿದ್ದರು. ಹಕ್ಕಿಗೆಂದು ತುಂಬಿದ ಸಣ್ಣ ಚರೆಯ ತೋಟವನ್ನು ಹಂದಿಗೂ ಹೊಡೆದದ್ದುಂಟು. ದೊಡ್ಡ ಗಂಡುಹಂದಿಯ ಭುಜದ ಮೇಲಿನ ಚರ್ಮ ಹಲಗೆಯಷ್ಟು ಗಡುಸು. ಸಣ್ಣ ಚರೆ ಅಲ್ಲಿ ಹೊಕ್ಕು ನಿಲ್ಲುತ್ತದೆ, ಕೀವಾಗುತ್ತದೆ, ಜೀವ ತೆಗೆಯುವುದಿಲ್ಲ. ಮನೆಯಲ್ಲಿ ಒಳ್ಳೆಯ ಕೋವಿ ಇತ್ತು, ಕಾಡಿನಲ್ಲಿ ಗಾಯದ ಹಂದಿಗಳು ಹೆಚ್ಚಾದವು.

ಹಾಗಾದರೆ ಹಳೆಯ ಕೋವಿಯೇ ಮೇಲೆ ಎನ್ನಬೇಕೆ? ಆಸೆಯೇನೋ ಆಗುತ್ತದೆ. ಕೇಪಿನ ಕೋವಿ ಅಜ್ಜನನ್ನು ಕಾಯಲು ಕಲಿಸಿತ್ತು. ಒಂದೇ ಈಡು ಇದ್ದುದರಿಂದ ಹಂದಿ ಹತ್ತಿರ ಬಂದು ಪಕ್ಕೆ ತಿರುಗಿಸುವ ತನಕ ಉಸಿರು ಬಿಗಿಹಿಡಿದು ಕೂರಬೇಕಾಗಿತ್ತು. ಆದರೂ ಆ ದಿನದ ಒಂಟಿಗ ಒಂದು ರಾತ್ರಿ, ಒಂದು ಹಗಲು ಮುರಿದ ಕಾಲಿನಲ್ಲಿ ನಿಂತಿದ್ದು ಅದೇ ಕೋವಿಯಿಂದ. ಅಜ್ಜನ ಉಪವಾಸದಿಂದ ಹಂದಿಯ ನೋವು ಒಂದು ಗಳಿಗೆಯೂ ಕಡಿಮೆಯಾಗಲಿಲ್ಲ. ಒಳ್ಳೆಯ ಮನಸ್ಸಿಗೆ ಸಾಲದ ಆಯುಧ ಸಿಕ್ಕರೂ ನರಳುವುದು ಪ್ರಾಣಿಯೇ.

ನಮ್ಮ ಕಾನೂನು ಈ ಪ್ರಶ್ನೆಯನ್ನು ಹೇಗೆ ನೋಡಿದೆ ಎಂದು ಹುಡುಕಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಸೆಕ್ಷನ್ನಿನಲ್ಲಿ ಬೆಳೆ ರಕ್ಷಣೆಯ ಮಾತಿದೆ. ನಿಜವಾಗಿ ಬೆಳೆ ಕಾಯುವುದಕ್ಕೆ ಎಂದು ಕೇಳಿದವನಿಗೆ ಬಾಯಿಂದ ಮದ್ದು ತುಂಬುವ ಕೋವಿಗೆ, ಅಂದರೆ ಅಜ್ಜನಂಥ ಕೋವಿಗೆ, ಲೈಸೆನ್ಸು ಕೊಡಬೇಕೆಂದು ಅದು ಹೇಳುತ್ತದೆ. ಅಂಥ ಕೋವಿ ಬೆಳೆ ರಕ್ಷಣೆಗೆ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಕೋವಿಗೆ ಕೊಡಬಹುದು ಎಂಬ ಸಣ್ಣ ಬಾಗಿಲೂ ಅಲ್ಲಿದೆ. 'ಸಾಲದು' ಎಂಬ ಆ ಪದದ ಮೇಲೆ ನಾನು ತುಂಬ ಹೊತ್ತು ನಿಂತೆ. ಬೆಳೆಗೆ ಸಾಲದು ಎಂದರೆ ಕಾನೂನಿಗೆ ಅರ್ಥವಾಗುತ್ತದೆ. ಹಂದಿ ನೋವಿಲ್ಲದೆ ಸಾಯಲು ಸಾಲದು ಎಂದರೆ ಕೇಳಿಸಿಕೊಳ್ಳುವ ಕಿವಿ ಅಲ್ಲಿಲ್ಲ. ಕೋವಿ ಯಾರ ಕೈಗೆ ಹೋದೀತು, ಮನುಷ್ಯರ ಮೇಲೆ ತಿರುಗೀತೇ ಎಂಬುದು ಅದರ ಚಿಂತೆ. ಅದು ಸಣ್ಣ ಚಿಂತೆಯೇನಲ್ಲ. ಆದರೆ ಕೋವಿಯ ಮುಂದೆ ನಿಂತ ಪ್ರಾಣಿ ಆ ಸೆಕ್ಷನ್ನಿನಲ್ಲಿ ಎಲ್ಲೂ ಕಾಣುವುದಿಲ್ಲ.

ಜರ್ಮನಿಯವರ ಬೇಟೆ ಕಾಯಿದೆ ಇದನ್ನು ತಿರುಗುಮುರುಗಾಗಿ ಬರೆದಿದೆ. ಜಿಂಕೆ, ಹಂದಿಯಂಥ ಗೊರಸಿನ ಪ್ರಾಣಿಗಳಿಗೆ ಚರೆ ಹೊಡೆಯುವುದೇ ಅಲ್ಲಿ ನಿಷಿದ್ಧ. ಕಾಡುಹಂದಿಗೆ ಬಳಸುವ ಗುಂಡು ಕನಿಷ್ಠ 6.5 ಮಿಲಿಮೀಟರ್ ಇರಬೇಕು, 100 ಮೀಟರ್ ದೂರ ಹೋದ ಮೇಲೂ ಅದರಲ್ಲಿ 2000 ಜೂಲ್ ಶಕ್ತಿ ಉಳಿದಿರಬೇಕು. ಗಾಯಗೊಂಡು ಓಡಿದ ಪ್ರಾಣಿಯನ್ನು ಹುಡುಕಿ ಮುಗಿಸುವುದಕ್ಕೆ ಅಲ್ಲಿನವರು 'ನಾಖ್‌ಸೂಖೆ' ಎನ್ನುತ್ತಾರೆ. ಅದಕ್ಕೆಂದೇ ಪಳಗಿಸಿದ, ರಕ್ತದ ವಾಸನೆ ಹಿಡಿದು ಹೋಗುವ ನಾಯಿಗಳಿವೆ. ಅಜ್ಜ ಗಂಗಾಳ ಕವುಚಿಟ್ಟು ಮಾಡಿದ ಕೆಲಸ ಅಲ್ಲಿ ಬೇಟೆಗಾರನ ಕರ್ತವ್ಯ. ಹಾಗೆಂದು ಅವರ ರೈಫಲ್ಲನ್ನು ಇಲ್ಲಿಗೆ ತಂದುಬಿಟ್ಟರೆ ಆಯಿತು ಎನ್ನಲಾಗದು. ಅಷ್ಟು ಶಕ್ತಿಯ ಗುಂಡು ಹಂದಿಯನ್ನು ತೂರಿಕೊಂಡು ಆಚೆಗೂ ಹೋಗುತ್ತದೆ. ನಮ್ಮ ತೋಟದ ಆಚೆ ಯಾವಾಗಲೂ ಒಂದು ಲೈನ್ ಮನೆ, ಒಂದು ಕಾಲುದಾರಿ, ಕಟ್ಟಿಗೆಗೆ ಹೋದ ಒಬ್ಬ ಹೆಂಗಸು ಇದ್ದೇ ಇರುತ್ತಾರೆ. ಹಂದಿಯೆಂದು ಜೊತೆಯವನಿಗೇ ಈಡು ಹೊಡೆದ ಪ್ರಕರಣಗಳು ಮಲೆನಾಡಿಗೆ ಹೊಸತಲ್ಲ.

ಹೀಗೆ ನಳಿಗೆ, ಗುಂಡು, ದೂರ ಎಂದು ಲೆಕ್ಕ ಹಾಕುತ್ತಿದ್ದವನಿಗೆ ನೆನಪಾದದ್ದು ಅಂಗಡಿ ಎಂಬ ಊರು. ಮೂಡಿಗೆರೆ ತಾಲ್ಲೂಕಿನ ಅಂಗಡಿಯನ್ನೇ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಎಂದು ಗುರುತಿಸುತ್ತಾರೆ. ಹಳೆಯ ಬಸದಿಗಳು, ವಾಸಂತಿಕೆಯ ಗುಡಿ ಈಗಲೂ ಅಲ್ಲಿವೆ. ಶಾಲೆಯಲ್ಲಿ ಓದಿದ ಐತಿಹ್ಯ ಎಲ್ಲರಿಗೂ ಗೊತ್ತು. ಪಾಠ ನಡೆಯುತ್ತಿದ್ದಲ್ಲಿಗೆ ಹುಲಿ ನುಗ್ಗಿತು, ಗುರು ಸುದತ್ತ ಮುನಿ "ಹೊಯ್ ಸಳ" ಎಂದರು, ಸಳ ಹೊಡೆದ. ಚರಿತ್ರೆಕಾರರು ಇದನ್ನು ಕತೆಯೆಂದೇ ಬದಿಗಿಡುತ್ತಾರೆ. ಇಡಲಿ. ಆದರೆ ಕತೆ ಕಟ್ಟಿದವರು ಆ ಮಾತನ್ನು ಯಾರ ಬಾಯಲ್ಲಿ ಇಟ್ಟರು ಎಂಬುದು ಸೋಜಿಗ. ನೆಲದ ಇರುವೆಗೂ ನೋವಾಗದಂತೆ ಕುಂಚದಿಂದ ಗುಡಿಸಿ ಕೂರುವ ಜೈನ ಮುನಿಯ ಬಾಯಲ್ಲಿ 'ಹೊಡೆ' ಎಂಬ ಮಾತು! ಐತಿಹ್ಯದ ಒಂದು ಪಾಠದಲ್ಲಂತೂ ಹೊಡೆಯಲು ಬೆತ್ತವನ್ನು ಕೊಟ್ಟವರೂ ಮುನಿಯೇ.

ಜೈನ ವಿಚಾರವೇ ಇದಕ್ಕೆ ಬೆಳಕು ಕೊಡುತ್ತದೆ. ಹಿಂಸೆಯನ್ನು ಅದು ನಾಲ್ಕಾಗಿ ವಿಂಗಡಿಸುತ್ತದೆ. ಅಡುಗೆ, ಗುಡಿಸುವುದು, ನೀರು ಕಾಯಿಸುವುದು ಮುಂತಾದ ಮನೆವಾರ್ತೆಯಲ್ಲಿ ಆಗುವುದು ಆರಂಭಿ ಹಿಂಸೆ. ಬೇಸಾಯದಂಥ ಕಸುಬಿನಲ್ಲಿ ಆಗುವುದು ಉದ್ಯೋಗಿ ಹಿಂಸೆ. ತನ್ನನ್ನು, ತನ್ನವರನ್ನು ಕಾಪಾಡಿಕೊಳ್ಳುವಾಗ ಆಗುವುದು ವಿರೋಧಿ ಹಿಂಸೆ. ಬೇಕೆಂದೇ, ಕೊಲ್ಲುವ ಮನಸ್ಸಿನಿಂದಲೇ ಮಾಡುವುದು ಸಂಕಲ್ಪಿ ಹಿಂಸೆ. ಮೊದಲ ಮೂರನ್ನು ಗೃಹಸ್ಥ ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ನಾಲ್ಕನೆಯದನ್ನು ಪೂರ್ತಿ ಬಿಡಬೇಕು. 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟವರು ಜನ್ಮ ಜನ್ಮಾಂತರ ಬಳಲಿದ್ದು ಇದೇ ಕಾರಣಕ್ಕೆ. ಕೋಳಿಗೆ ಜೀವವಿರಲಿಲ್ಲ, ಕೊಲ್ಲುವ ಸಂಕಲ್ಪಕ್ಕೆ ಇತ್ತು.

ಇದನ್ನು ನಮ್ಮ ಹಂದಿಗೆ ಹಚ್ಚಿ ನೋಡಿದರೆ ತುಸು ಮುಜುಗರವಾಗುತ್ತದೆ. ಹಂದಿಯನ್ನು ಹೊಡೆದು ತಂದಾಗ ಅಂಗಳದಲ್ಲಿ ಮೊದಲು ಏಳುವ ಮಾತು ಗದ್ದೆಯ ಲೆಕ್ಕವಲ್ಲ, ಪಾಲಿನ ಲೆಕ್ಕ. ಹೊಡೆದವನಿಗೆಷ್ಟು, ಹಳು ನುಗ್ಗಿದವರಿಗೆಷ್ಟು, ನಾಯಿಗೆಷ್ಟು. ಒಳಗೆ ಕಡುಬಿಗೆ ಅಕ್ಕಿತರಿ ಬೇಯುತ್ತಿರುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ, ತಲೆಮಾರುಗಳ ರುಚಿ ಅದು. ಆದರೆ ಬೆಳೆ ರಕ್ಷಣೆಯ ಹೆಸರಿನಲ್ಲಿ ಎತ್ತಿದ ಕೋವಿಯ ಹಿಂದೆ ವಿರೋಧಿ ಹಿಂಸೆ ಎಷ್ಟು, ಸಂಕಲ್ಪಿ ಹಿಂಸೆ ಎಷ್ಟು ಎಂದು ಎತ್ತಿದವನೇ ತೂಗಿಕೊಳ್ಳಬೇಕು. 2022ರಲ್ಲಿ ಕೇರಳ ಸರ್ಕಾರ ಕಾಡುಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ವಿಷ, ಸಿಡಿಮದ್ದು, ಕರೆಂಟು ಬಳಸಕೂಡದು, ಸತ್ತ ಹಂದಿಯನ್ನು ಹೂಳಬೇಕು ಎಂಬ ಕಟ್ಟುಗಳೂ ಜೊತೆಗಿದ್ದವು. ಹೂಳಲೇಬೇಕು ಎಂದಾದರೆ ನಮ್ಮಲ್ಲಿ ಎಷ್ಟು ಜನ ರಾತ್ರಿಯಿಡೀ ಗದ್ದೆ ಕಾಯುತ್ತೇವೆ? ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಬಲ್ಲವನು ತನ್ನ ಹಿಂಸೆಯ ಹೆಸರನ್ನೂ ಹೇಳಬಲ್ಲ.

ಹಂದಿಯನ್ನು ನಮ್ಮ ಹಿರಿಯರು ಬರಿಯ ಪೀಡೆ ಎಂದು ಎಂದೂ ನೋಡಿದವರಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಸುಮಾರು 949ರ ಶಾಸನ, ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನೆಟ್ಟದ್ದು. ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದ ನಾಯಿ ಅದು. ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಕಲ್ಲಿನಲ್ಲಿ ಎರಡನ್ನೂ ಎದುರುಬದುರು ಕೆತ್ತಿದ್ದಾರೆ. ಗೆದ್ದವರಿಲ್ಲದ ಆ ಕಾಳಗದಲ್ಲಿ ಹಂದಿಯೂ ವೀರಗಲ್ಲಿಗೆ ಏರಿತು. ಘಟ್ಟದ ಕೆಳಗಿನ ತುಳುನಾಡಿನಲ್ಲಿ ಪಂಜುರ್ಲಿ ಎಂಬ ಹಂದಿಯ ದೈವವಿದೆ. ಶಿವನ ತೋಟವನ್ನು ಹಾಳುಮಾಡಿದ ಹಂದಿಯೇ ಭೂಮಿಗೆ ಬಂದು ದೈವವಾಗಿ ಜನರ ಬೆಳೆಯನ್ನು ಕಾಯತೊಡಗಿತು ಎನ್ನುತ್ತದೆ ಅದರ ಕತೆ. ತೋಟ ಕೆಡಿಸಿದ ಹಂದಿಗೇ ತೋಟದ ಕಾವಲು! ಬೆಳೆ ಹಾಳಾದ ಸಿಟ್ಟನ್ನು ಹೊರಹಾಕಲು ಆ ಜನ ದ್ವೇಷದ ಬದಲು ಕೋಲ ಕಟ್ಟಿದರು.

ಹಂದಿ ನಮ್ಮ ಗದ್ದೆಗೆ ಇಳಿಯುವುದಕ್ಕೂ ಕಾರಣಗಳಿವೆ. ಕೂಲಿಯಾಳು ಸಿಗದೆ, ಗಿಟ್ಟದೆ ಬೀಳು ಬಿಟ್ಟ ಗದ್ದೆಗಳಲ್ಲಿ ಲಂಟಾನ ಎದೆಯೆತ್ತರ ಬೆಳೆದಿದೆ. ಹಂದಿಗೆ ಹಗಲಿನ ಮನೆ ಅದೇ. ಅಲ್ಲಿಂದ ಉಳಿದೊಬ್ಬನ ಗದ್ದೆಗೆ ಹತ್ತು ಮಾರು. ಹತ್ತು ಮನೆಯ ಗದ್ದೆಗೆ ಹಂಚಿಹೋಗುತ್ತಿದ್ದ ನಷ್ಟ ಈಗ ಬೇಸಾಯ ಬಿಡದ ಒಬ್ಬನ ತಲೆಯ ಮೇಲೆ ಬೀಳುತ್ತದೆ. ಹಿಂದೆ ಮಾಳದಿಂದ ಮಾಳಕ್ಕೆ ಕೂಗು ಹೋಗುತ್ತಿತ್ತು, ಡಬ್ಬಿ ಬಡಿಯುವ ಸದ್ದು ರಾತ್ರಿಯಿಡೀ ಸುತ್ತುತ್ತಿತ್ತು. ಈಗ ಒಬ್ಬನೇ ಎಷ್ಟೆಂದು ಕೂಗಿಯಾನು? ಮೂಡಿಗೆರೆಯಲ್ಲಿ ಮೂರು ದಶಕಕ್ಕೂ ಹೆಚ್ಚು ಬಾಳಿದ ಪೂರ್ಣಚಂದ್ರ ತೇಜಸ್ವಿ ಮೊದಮೊದಲು ಕೋವಿ ಹಿಡಿದು ಈ ಕಾಡು ಅಲೆದವರೇ. 'ಪರಿಸರದ ಕತೆ'ಯಲ್ಲಿ ಅದನ್ನು ಮುಚ್ಚಿಡದೆ ಬರೆದಿದ್ದಾರೆ. ಬರಬರುತ್ತ ಅವರ ಕೈಗೆ ಕ್ಯಾಮರಾ ಬಂತು. ಅವರಿಗೆ ಆ ಬದಲಾವಣೆ ದಕ್ಕಿತು. ಹಾಲುಗಟ್ಟಿದ ತೆನೆ ಕೆಸರಾದವನಿಗೆ ಕ್ಯಾಮರಾ ಹಿಡಿ ಎಂದು ನಾನು ಹೇಳಲಾರೆ.

ಇನ್ನು ಈಗಿನ ಕಾನೂನಿನ ಮಾತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಡುಹಂದಿ ವನ್ಯಜೀವಿ ಕಾಯಿದೆಯ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯವಾದಾಗ ಕೊಲ್ಲಲು ಅನುಮತಿ ಕೊಡುವ ದಾರಿ 11ನೇ ಸೆಕ್ಷನ್ನಿನಲ್ಲಿ ಉಂಟು. ಅದು ಬರಹದಲ್ಲಿ, ಕಾರಣ ಹೇಳಿ, ಅಧಿಕಾರವುಳ್ಳವರು ಕೊಡಬೇಕಾದ ಅನುಮತಿ. ಕೋವಿಯ ಲೈಸೆನ್ಸು ಇದ್ದ ಮಾತ್ರಕ್ಕೆ ಹಂದಿಗೆ ಹೊಡೆಯುವ ಹಕ್ಕು ಬರುವುದಿಲ್ಲ. ಉರುಳು ಇಡುವುದನ್ನೂ, ಆಮಿಷ ಒಡ್ಡುವುದನ್ನೂ ಕಾಯಿದೆ 'ಬೇಟೆ' ಎಂದೇ ಕರೆದಿದೆ. ಮನೆಯಲ್ಲಿ ಮಲಗಿದ್ದೆ ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ. ಅನುಮತಿ ಪಡೆಯುವುದು ರಗಳೆ ನಿಜ. ಆದರೆ ಆ ರಗಳೆಯಲ್ಲಿ ಒಂದು ಗುಣವಿದೆ: ಸಿಟ್ಟು ಇಳಿಯಲು ಅದು ಹೊತ್ತು ಕೊಡುತ್ತದೆ.

ಇಷ್ಟೆಲ್ಲ ಯೋಚಿಸಿ ನಾಲ್ಕು ದಿನ ಬಿಟ್ಟು ಅವನ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ ಹೇಳಿದೆ. ಚರೆ ಬೇಡ. ಅನುಮತಿ ಸಿಕ್ಕರೂ ನೀನೇ ಹೊಡೆಯಬೇಕೆಂದಿಲ್ಲ, ಹೊಡೆದು ಪಳಗಿದ ಕೈಗೆ ಬಿಡು. ಇಪ್ಪತ್ತು ಮಾರಿನೊಳಗೆ ಬಂದು ಪಕ್ಕೆ ಕೊಡದ ಹಂದಿಯನ್ನು ಬಿಟ್ಟುಬಿಡಬೇಕು. ಗುಂಡು ಹೋದ ಮೇಲೆ ನಿಲ್ಲುವ ಜಾಗ ಮಣ್ಣಿನ ಬರೆಯೇ ಆಗಿರಬೇಕು. ಬೆನ್ನು ಹತ್ತಿ ಹೋಗಲು ನಾಯಿಯೂ ಬೆಳಕೂ ಸಿದ್ಧವಿಲ್ಲದ ರಾತ್ರಿ ಕೋವಿ ಎತ್ತಲೇಬಾರದು.

"ಹಾಗಾದ್ರೆ ಮೊದ್ಲು ಏನು ತಗೊಳ್ಳಲಿ?"

"ಒಂದು ಒಳ್ಳೆ ಬ್ಯಾಟರಿ."

ಅವನು ನಕ್ಕ. "ಬೆಳಕು ಬಿಟ್ರೆ ಹಂದಿ ಸಾಯ್ತದಾ?"

ಸಾಯುವುದಿಲ್ಲ. ಬ್ಯಾಟರಿ ಕಳ್ಳಬೇಟೆಯವನ ಕೈಯಲ್ಲೂ ಇದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಹಾಗೆ ಹೇಳಿದೆ. ನಾನು ಕಂಡ ಒಂದು ರಾತ್ರಿ ನೆನಪಿನಲ್ಲಿತ್ತು. ಮಾಳದಲ್ಲಿ ಕೂತಿದ್ದ ನಮಗೆ ಗದ್ದೆಯಲ್ಲಿ ಕಚಪಚ ಸದ್ದು ಕೇಳಿಸಿತು. ಬೆಳಕು ಬಿಟ್ಟಾಗ ಹೆಣ್ಣುಹಂದಿಯೊಂದು ತಲೆ ಎತ್ತಿತು. ಅದರ ಹೊಟ್ಟೆಯ ಕೆಳಗೆ ಮೈಮೇಲೆ ಪಟ್ಟೆಯಿದ್ದ ಮರಿಗಳು ಕಕ್ಕಾಬಿಕ್ಕಿಯಾಗಿ ನಿಂತಿದ್ದವು. ಹೆಣ್ಣುಹಂದಿ ಹೆಚ್ಚುಕಡಿಮೆ ನಾಲ್ಕು ತಿಂಗಳು ಹೊತ್ತು, ಸೊಪ್ಪು ಕಡ್ಡಿ ಒಟ್ಟಿ ಹಕ್ಕೆ ಮಾಡಿ ಮರಿ ಹಾಕುತ್ತದೆ. ಅದನ್ನು ಅಲ್ಲಿ ಎಷ್ಟು ನೋವಿಲ್ಲದೆ ಹೊಡೆದಿದ್ದರೂ ಆ ಮರಿಗಳು ದಿನಗಟ್ಟಲೆ ಸಾಯುತ್ತಿದ್ದವು. ಯಾವ ಕೋವಿಯೂ ಆ ಸಾವನ್ನು ಹಗುರ ಮಾಡಲಾರದು, ಕಂಡಿದ್ದ ಕಣ್ಣು ಮಾತ್ರ ತಡೆಯಬಲ್ಲದು. ಆ ರಾತ್ರಿ ಡಬ್ಬಿ ಬಡಿದೆವು. ಅವು ಹೋದವು. ಎರಡು ದಿನ ಬಿಟ್ಟು ಮತ್ತೆ ಬಂದವು ಎಂಬುದನ್ನೂ ಹೇಳಿಬಿಡಬೇಕು.

ಅವನಿಗೆ ಇದನ್ನೆಲ್ಲ ಹೇಳಿದಾಗ ಸುಮ್ಮನೆ ಕೇಳಿದ. "ನಿಮ್ಗೆ ಹೇಳ್ಲಿಕ್ಕೆ ಸುಲಭ, ಗದ್ದೆ ನಂದು" ಎಂದ. ಅದು ಸರಿಯಾದ ಮಾತು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೇಲಿನ ಮಡಿಯ ಅಂಚಿಗೆ ಅಗಳು ತೋಡಲು ಎರಡು ದಿನ ಬರುತ್ತೇನೆ ಎಂದಷ್ಟೇ ಹೇಳಿದೆ.

ಹೊರಡುವಾಗ ಅವನ ಅಮ್ಮ ಒಳಗಿನಿಂದ ಊಟ ಮಾಡಿಕೊಂಡು ಹೋಗಿ ಎಂದು ಕರೆದರು. ಅಡುಗೆಮನೆಯ ಗೋಡೆಗೆ ತೊಳೆದ ಬಟ್ಟಲುಗಳನ್ನು ಒರಗಿಸಿಟ್ಟಿದ್ದರು. ನಮ್ಮ ಮನೆಯಲ್ಲಿ ಒಂದು ರಾತ್ರಿ, ಒಂದು ಹಗಲು ಕವುಚಿಕೊಂಡೇ ಇದ್ದ ಆ ಗಂಗಾಳ ನೆನಪಾಯಿತು. ಉರುಳು ಇಟ್ಟವನ ಮನೆಯಲ್ಲಿ ಗಂಗಾಳ ಯಾರೂ ಕವುಚುವುದಿಲ್ಲ. ಹಳುವಿನಲ್ಲಿ ತಂತಿ ಬಿಗಿಯುತ್ತಿರುವ ಅದೇ ಹೊತ್ತಿಗೆ ಒಳಗೆ ಬಿಸಿ ಅನ್ನ ಬಡಿಸಿರುತ್ತಾರೆ. ಅವನು ಹಸಿವಿನಿಂದಲೇ ಉಣ್ಣುತ್ತಾನೆ, ಚೆನ್ನಾಗಿ ನಿದ್ದೆಯನ್ನೂ ಮಾಡುತ್ತಾನೆ. ಅವನಿಗೆ ಏನೂ ಗೊತ್ತಿರುವುದಿಲ್ಲ.